ಸುಣ್ಣದೊಳಗಣ ಬೆಂಕಿ: ಶಹಾಬಾದ್ ಸೀಮೆಯ ಕಲ್ಲು ಮತ್ತು ಶಾಖಮಾಪನದ ಚರಿತ್ರೆ

ಭಟ್ಟಿಯಿಂದ ಆಗತಾನೆ ತೆಗೆದ ಸುಣ್ಣದ ಕಲ್ಲಿಗೆ ನೀರು ತಳಿದರೆ ಅದು ಬುಸುಗುಟ್ಟಿ, ಬಿರಿದು, ಹಬೆಯೆದ್ದು, ಕಡೆಗೆ ಹಿಟ್ಟಾಗಿ ಅರಳುತ್ತದೆ. ಒಲೆಯಿಲ್ಲ, ಕಟ್ಟಿಗೆಯಿಲ್ಲ; ಆದರೂ ನೀರು ಕುದಿಯುವಷ್ಟು ಕಾವು ಅಲ್ಲಿ ಹುಟ್ಟುತ್ತದೆ. ಈ ಕಾವು ಎಲ್ಲಿಂದ ಬಂದಿತು ಎಂಬ ಪ್ರಶ್ನೆ ಬಹು ಪ್ರಾಚೀನವಾದುದು. ಎಷ್ಟು ಬಂದಿತು ಎಂಬ ಪ್ರಶ್ನೆಯಾದರೋ ಹದಿನೆಂಟನೆಯ ಶತಮಾನಕ್ಕೆ ಮೊದಲು ಯಾರ ಬಾಯಲ್ಲಿಯೂ ಕೇಳಿಬಂದುದಲ್ಲ. ಎರಡನೆಯ ಪ್ರಶ್ನೆಗೆ ಉತ್ತರ ದೊರೆತ ಮೇಲೆಯೇ ಮೊದಲನೆಯದಕ್ಕೂ ಉತ್ತರ ದೊರೆಯಿತು. ಆ ಕಥೆಯನ್ನು ನಮ್ಮದೇ ಸುಣ್ಣಗಲ್ಲಿನ ನಾಡಾದ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಹಿನ್ನೆಲೆಯಲ್ಲಿ ಹೇಳುವುದು ಈ ಲೇಖನದ ಉದ್ದೇಶ.

ಶಾಖವನ್ನು ಅಳೆಯುವುದು ಭೌತಶಾಸ್ತ್ರ, ರಸಾಯನಶಾಸ್ತ್ರಗಳ ವಿಭಾಗದವರ ಕೆಲಸ. ಇತಿಹಾಸದ ಅಧ್ಯಾಪಕನಿಗೆ ಇದರಲ್ಲೇನು ವ್ಯಾಪಾರ ಎಂದು ವಾಚಕರು ಕೇಳಬಹುದು. ಈ ಭಾಗದ ಚರಿತ್ರೆಯನ್ನು ನಾವು ರಾಜವಂಶಗಳ ಚರಿತ್ರೆಯಾಗಿ ಸಾಕಷ್ಟು ಬರೆದಿದ್ದೇವೆ. ಆ ರಾಜರು ಕಟ್ಟಿಸಿದ ಗೋಡೆಯ ಕಲ್ಲಿನ ಮೇಲಣ ಅಕ್ಷರಗಳನ್ನು ಓದಿದ್ದೇವೆ. ಕಲ್ಲು ಕಲ್ಲುಗಳ ನಡುವಣ ಗಾರೆಯನ್ನು ಓದಿದವರು ವಿರಳ. ಗಾರೆಯನ್ನು ಓದಬೇಕಾದರೆ ಶಾಖದ ಲೆಕ್ಕ ತಿಳಿದಿರಬೇಕಾಗುತ್ತದೆ.

ಭೂವಿಜ್ಞಾನಿಗಳು ಈ ಪ್ರದೇಶದ ಪದರಗಲ್ಲುಗಳಿಗೆ ಭೀಮಾ ಶ್ರೇಣಿಯೆಂದು ಹೆಸರಿಟ್ಟಿದ್ದಾರೆ. ವಿಲಿಯಂ ಕಿಂಗ್ ಮತ್ತು ರಾಬರ್ಟ್ ಬ್ರೂಸ್ ಫೂಟ್ ಎಂಬವರು 1870ರ ದಶಕದಲ್ಲಿ ಇದನ್ನು ವಿವರಿಸಿದರು. ಫೂಟನ ಗ್ರಂಥ 1876ರಲ್ಲಿ ಪ್ರಕಟವಾಯಿತು. ಶ್ರೇಣಿಯ ಮುಖ್ಯ ಸುಣ್ಣಗಲ್ಲಿಗೆ ಶಹಾಬಾದಿನ ಹೆಸರೇ ನಿಂತಿದೆ. ಅದರ ಕೆಳಗಣ ಪದರಗಳೂ ಸೇರಿದ ಉಪಸಮೂಹಕ್ಕೆ ಸೇಡಮಿನ ಹೆಸರು ಇದೆ. ಉತ್ತರಕ್ಕೆ, ಚಿಂಚೋಳಿಯ ಕಡೆಗೆ ಹೋದಂತೆ ಈ ಕಲ್ಲು ದಕ್ಷಿಣಾಪಥದ ಕಪ್ಪು ಅಗ್ನಿಶಿಲೆಯ ಕೆಳಗೆ ಮರೆಯಾಗುತ್ತದೆ. ಚಿತ್ತಾಪುರ ತಾಲ್ಲೂಕಿನ ಸನ್ನತಿ-ಕನಗನಹಳ್ಳಿಯ ಬೌದ್ಧ ಸ್ತೂಪದ ಶಿಲ್ಪಗಳು ಈ ಸುಣ್ಣಗಲ್ಲಿನವೇ. ಅಲ್ಲಿ ಅಶೋಕನ ಹೆಸರು ಕೆತ್ತಿದ ಫಲಕವೂ ಈ ಕಲ್ಲಿನದೇ. ಕಾಗಿಣಾ ನದಿಯ ದಡದ ಮಳಖೇಡವು, ಅಂದರೆ ನೃಪತುಂಗನ ಮಾನ್ಯಖೇಟವು, ಈ ಕಲ್ಲಿನ ಮೇಲೆಯೇ ನಿಂತಿದೆ. ಇಷ್ಟೆಲ್ಲ ವೈಭವವಿದ್ದರೂ ಜನಸಾಮಾನ್ಯರಿಗೆ ಈ ಕಲ್ಲು ಪರಿಚಿತವಾದುದು ಮನೆಯ ನೆಲಕ್ಕೆ ಹಾಸುವ ಫರ್ಸಿಯಾಗಿ. 1871ರಲ್ಲಿ ರಾಯಚೂರಿನವರೆಗೆ ರೈಲುದಾರಿ ಆದ ಮೇಲೆ, 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡತೊಡಗಿದ ಮೇಲೆ, ಶಹಾಬಾದಿನ ಫರ್ಸಿ ದೂರದೂರದ ಪಟ್ಟಣಗಳ ನೆಲವನ್ನು ಮುಟ್ಟಿತು.

ಫರ್ಸಿಗೆ ಬಾರದ ಚೂರುಪಾರು ಕಲ್ಲು ಭಟ್ಟಿಗೆ ಬರುತ್ತದೆ. ಸುಣ್ಣಗಾರನ ವಿದ್ಯೆ ಪುಸ್ತಕದ್ದಲ್ಲ. ಕಲ್ಲು ಬೆಂದುದನ್ನು ಆತನು ಕೆಂಡದ ಬಣ್ಣದಿಂದ ಅರಿಯುವನು. ಬೆಂದ ಕಲ್ಲನ್ನು ಕೈಯಲ್ಲಿ ಎತ್ತಿ, ಹಗುರವಾಗಿದೆಯೇ ಎಂದು ನೋಡುವನು. ತುಸು ನೀರು ಚಿಮುಕಿಸಿ, ಅದು ಎಷ್ಟು ಬೇಗ ಬಿರಿಯುವುದೆಂದು ಕಾಯುವನು. ಒಳಗೆ ಹಸಿ ಉಳಿದ ಕಲ್ಲು ಭಾರವಾಗಿದ್ದು ಅರಳದೆ ಗಟ್ಟಿಯಾಗಿ ನಿಲ್ಲುತ್ತದೆ. ಅತಿಯಾಗಿ ಬೆಂದದ್ದು ಅರಳಲು ಬಹಳ ಹೊತ್ತು ತೆಗೆದುಕೊಳ್ಳುತ್ತದೆ, ಕೆಲವೊಮ್ಮೆ ಗಚ್ಚು ಹಾಕಿಯಾದ ಮೇಲೆ ಗೋಡೆಯಲ್ಲಿ ಅರಳಿ ಗುಳ್ಳೆ ಎಬ್ಬಿಸುತ್ತದೆ. ತೂಕ, ಕಾವು, ಕಾಲ ಈ ಮೂರನ್ನೂ ಆತನು ಬಲ್ಲನು. ಆದರೆ ಅವು ಆತನ ಕೈಯಲ್ಲಿದ್ದುವೇ ಹೊರತು ಅಂಕಿಯಲ್ಲಿ ಇರಲಿಲ್ಲ. ಶಾಸ್ತ್ರಗ್ರಂಥಗಳಲ್ಲಿಯೂ ಸುಟ್ಟ ಸುಣ್ಣದ ಪ್ರಸ್ತಾಪ ಬರುತ್ತದೆ. ಸುಶ್ರುತಸಂಹಿತೆಯಲ್ಲಿ ಬೂದಿಯ ಕ್ಷಾರವನ್ನು ಸುಟ್ಟ ಸುಣ್ಣದಿಂದ ತೀಕ್ಷ್ಣಗೊಳಿಸುವ ಕ್ರಮ ಉಂಟು. ಪ್ರಫುಲ್ಲಚಂದ್ರ ರಾಯರು ಹಿಂದೂ ರಸಾಯನಶಾಸ್ತ್ರದ ಚರಿತ್ರೆಯ ಮೊದಲ ಸಂಪುಟದಲ್ಲಿ (1902) ಇದನ್ನು ಎತ್ತಿ ತೋರಿಸಿದ್ದಾರೆ. ಅಲ್ಲಿಯೂ ಇರುವುದು ಕ್ರಮ, ಅಳತೆಯಲ್ಲ.

ಸುಣ್ಣಕ್ಕೆ ವಿರುದ್ಧವಾಗಿ ನೀರನ್ನು ತಣ್ಣಗೆ ಮಾಡುವ ಲವಣವೂ ನಮ್ಮ ದೇಶದಲ್ಲಿ ಬಳಕೆಯಲ್ಲಿ ಇತ್ತು. ಅದು ಪೆಟ್ಲುಪ್ಪು. ಅಬುಲ್ ಫಜಲನು ಐನ್-ಇ-ಅಕ್ಬರಿಯಲ್ಲಿ ಅಕ್ಬರನ ಜಲಶಾಲೆಯನ್ನು ವರ್ಣಿಸುವಾಗ, ಒಂದು ಸೇರು ನೀರು ತುಂಬಿ ಬಾಯಿ ಬಿಗಿದ ಕೂಜೆಯನ್ನು, ಐದು ಸೇರು ನೀರಿಗೆ ಎರಡೂವರೆ ಸೇರು ಪೆಟ್ಲುಪ್ಪು ಹಾಕಿದ ಪಾತ್ರೆಯೊಳಗೆ ಸುಮಾರು ಕಾಲು ಗಂಟೆ ಆಡಿಸಿದರೆ ಒಳಗಿನ ನೀರು ತಣ್ಣಗಾಗುವುದೆಂದು ಹೇಳುತ್ತಾನೆ. ಮದ್ದಿನಲ್ಲಿ ಸಿಡಿಯುವ ಬೆಂಕಿಗೆ ಕಾರಣವಾದ ವಸ್ತುವೇ ನೀರಿನಲ್ಲಿ ತಂಪಿಗೆ ಕಾರಣವಾಗುವುದೆಂಬ ವಿಚಿತ್ರವನ್ನು ಆತನು ಗಮನಿಸದೆ ಇಲ್ಲ. ಇಲ್ಲಿ ನಮಗೆ ಮುಖ್ಯವಾದುದು ಆತನು ಕೊಟ್ಟಿರುವ ತೂಕಗಳು. ನೀರಿಗೆ ತೂಕವಿದೆ, ಉಪ್ಪಿಗೆ ತೂಕವಿದೆ, ಕಾಲಕ್ಕೂ ಅಳತೆಯಿದೆ. ಇಲ್ಲದಿರುವುದು ತಂಪಿನ ಅಳತೆಯೊಂದೇ. ಅದನ್ನು ನಾವು ಇಂದು ಸೇರಿಸಿಕೊಳ್ಳಬಹುದು. ಒಂದು ಗ್ರಾಂ ಪೆಟ್ಲುಪ್ಪು ಧಾರಾಳ ನೀರಿನಲ್ಲಿ ಕರಗುವಾಗ ಸುಮಾರು 82 ಕ್ಯಾಲೊರಿ ಶಾಖವನ್ನು ಹೀರುತ್ತದೆ. ಆದರೆ ಆಸ್ಥಾನದ ಪ್ರಮಾಣದಲ್ಲಿ ಉಪ್ಪು ನೀರಿನ ಅರ್ಧದಷ್ಟಿದೆ. 20 ಡಿಗ್ರಿಯ 100 ಗ್ರಾಂ ನೀರಿನಲ್ಲಿ ಕರಗಬಲ್ಲದ್ದು ಸುಮಾರು 32 ಗ್ರಾಂ ಮಾತ್ರ, ತಣ್ಣಗಾದಂತೆ ಅದೂ ಇಳಿಯುತ್ತದೆ. ಆದುದರಿಂದ ಉಪ್ಪಿನ ಅರ್ಧದಷ್ಟು ತಳದಲ್ಲಿಯೇ ಉಳಿದಿರಬೇಕು. ಹೊರಗಿನ ಕಾವು ಸೇರದಂತೆ ನೋಡಿಕೊಂಡರೆ, ಕೂಜೆಯ ನೀರೂ ಸೇರಿ ಒಟ್ಟು ಹತ್ತು ಹದಿನೈದು ಡಿಗ್ರಿಗಳ ಇಳಿತ ಬರುವುದೆಂದು ಲೆಕ್ಕ ತೋರಿಸುತ್ತದೆ. ಬೇಸಗೆಯಲ್ಲಿ ದೊರೆಯ ಬಾಯಾರಿಕೆಗೆ ಅಷ್ಟು ಸಾಕು. ಅಬುಲ್ ಫಜಲನ ಮಾತು ಆಸ್ಥಾನದ ಸ್ತುತಿಯಲ್ಲ, ನಿಜವಾದ ವರದಿ ಎಂಬುದು ಇದರಿಂದ ಸ್ಥಿರಪಡುತ್ತದೆ. ಸಾಹಿತ್ಯಕ ಆಧಾರವನ್ನು ಹೀಗೆ ಒರೆಗೆ ಹಚ್ಚಿ ನೋಡುವ ಅವಕಾಶ ಚರಿತ್ರಕಾರನಿಗೆ ಪದೇ ಪದೇ ಸಿಕ್ಕುವುದಿಲ್ಲ.

ಸುಣ್ಣದ ಕಾವಿಗೆ ಯೂರೋಪಿನ ಹಳೆಯ ರಸಾಯನವಾದಿಗಳು ಕೊಡುತ್ತಿದ್ದ ಕಾರಣ ಬಹು ಸರಳವಾಗಿತ್ತು: ಭಟ್ಟಿಯ ಬೆಂಕಿಯ ಕಣಗಳು ಕಲ್ಲಿನೊಳಗೆ ಹೊಕ್ಕು ಅಡಗಿ ಕುಳಿತಿವೆ; ನೀರು ತಾಗಿದೊಡನೆ ಹೊರಗೆ ಬರುತ್ತವೆ. ಸುಣ್ಣ ನಾಲಗೆಯನ್ನು ಸುಡುವುದೂ ಆ ಬೆಂಕಿಯಿಂದಲೇ ಎಂದು ಅವರ ನಂಬಿಕೆ. ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರ ಓದಿದ ಜೋಸೆಫ್ ಬ್ಲ್ಯಾಕ್ ಎಂಬ ತರುಣನು ಇದನ್ನು ತಕ್ಕಡಿಯಿಂದ ಪರೀಕ್ಷಿಸಿದನು. ಬೆಂಕಿ ಒಳಹೊಕ್ಕಿದ್ದರೆ ಕಲ್ಲಿನ ತೂಕ ಕಡಮೆಯಾಗಬಾರದು. ಅದೋ ಬಹಳ ಕಡಮೆಯಾಗುತ್ತದೆ. ಹೊರಟುಹೋದದ್ದು ಒಂದು ಬಗೆಯ ವಾಯುವೆಂದೂ, ಅದನ್ನು ಮರಳಿ ಸೇರಿಸಿದರೆ ಸುಣ್ಣವು ಮತ್ತೆ ಮೊದಲಿನ ಸಾಧುವಸ್ತುವಾಗುವುದೆಂದೂ ಆತನು 1756ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ತೋರಿಸಿದನು. ಈ ವಾಯುವನ್ನೇ ನಾವು ಇಂಗಾಲಾಮ್ಲ ವಾಯು ಎನ್ನುತ್ತೇವೆ. ಶುದ್ಧವಾದ ಸುಣ್ಣಗಲ್ಲು 100 ತೂಕವಿದ್ದರೆ ಸುಟ್ಟ ಮೇಲೆ ಉಳಿಯುವುದು 56. ನಮ್ಮ ಸುಣ್ಣಗಾರನು ಅಂಗೈಯಲ್ಲಿ ತೂಗಿ ಅರಿತಿದ್ದುದೂ ಈ 44ರ ನಷ್ಟವನ್ನೇ.

ಬ್ಲ್ಯಾಕನ ಎರಡನೆಯ ಕಾರ್ಯ ಇನ್ನೂ ದೊಡ್ಡದು. 1760ರ ಅನಂತರದ ವರ್ಷಗಳಲ್ಲಿ ಗ್ಲಾಸ್ಗೋದಲ್ಲಿ ಬೋಧಿಸುತ್ತಿದ್ದಾಗ ಆತನು ಉಷ್ಣತೆ ಬೇರೆ, ಶಾಖದ ಪರಿಮಾಣ ಬೇರೆ ಎಂಬುದನ್ನು ಸ್ಪಷ್ಟಪಡಿಸಿದನು. ಥರ್ಮಾಮೀಟರು ತೋರಿಸುವುದು ಉಷ್ಣತೆಯನ್ನು; ಶಾಖವನ್ನು ತಿಳಿಯಬೇಕಾದರೆ ಉಷ್ಣತೆಯ ಏರಿಕೆಯನ್ನು ವಸ್ತುವಿನ ತೂಕದಿಂದಲೂ ವಿಶಿಷ್ಟೋಷ್ಣದಿಂದಲೂ ಗುಣಿಸಬೇಕು. ಕರಗುವ ಹಿಮವು ಉಷ್ಣತೆಯನ್ನು ಏರಿಸಿಕೊಳ್ಳದೆಯೇ ಶಾಖವನ್ನು ನುಂಗುವುದೆಂದು ತೋರಿಸಿ, ಅದಕ್ಕೆ ಗುಪ್ತೋಷ್ಣವೆಂಬ ಭಾವನೆಯನ್ನು ತಂದವನೂ ಈತನೇ. ಈ ಭೇದವನ್ನು ಕಾಣದಿದ್ದಷ್ಟು ಕಾಲ ತಂಪು, ಬಿಸಿ ಎಂಬುವು ಗುಣಗಳಾಗಿ ಉಳಿದಿದ್ದುವು. ಕಂಡ ಮೇಲೆ ಅವು ಕೂಡಿ ಕಳೆಯಬಹುದಾದ ಮೊತ್ತಗಳಾದುವು.

ಕೂಡಿ ಕಳೆಯುವ ಕೆಲಸವನ್ನು ಕೈಗೊಂಡವರು ಪ್ಯಾರಿಸಿನ ಲವಾಸಿಯೇ ಮತ್ತು ಲಾಪ್ಲಾಸ್. 1783ರ ಅವರ ಪ್ರಬಂಧದಲ್ಲಿ ಬರುವ ಉಪಕರಣದಲ್ಲಿ ವಸ್ತುವಿನ ಸುತ್ತ ಹಿಮವನ್ನು ತುಂಬಿ, ಅದರ ಶಾಖದಿಂದ ಕರಗಿ ಹರಿದ ನೀರನ್ನು ತೂಗುತ್ತಿದ್ದರು. ಅವರು ಪರೀಕ್ಷಿಸಿದ ವಸ್ತುಗಳಲ್ಲಿ ಸುಟ್ಟ ಸುಣ್ಣವೂ, ಸುಣ್ಣ-ನೀರಿನ ಮಿಶ್ರಣವೂ ಸೇರಿವೆಯೆಂಬುದು ನಮಗೆ ಸ್ವಾರಸ್ಯವಾದ ಸಂಗತಿ. ಈ ಉಪಕರಣ ಚಳಿನಾಡಿನದು; ವೈಶಾಖದ ವಾಡಿಯಲ್ಲಿ ಅದನ್ನು ನಡೆಸಹೊರಟರೆ ತೂಗುವುದಕ್ಕೆ ಮೊದಲೇ ಹಿಮವೆಲ್ಲ ನೀರಾಗಿರುವುದು. ನಮಗೆ ಹೊಂದುವುದು ನೀರಿನ ಪಾತ್ರೆಯ ಮಿಶ್ರಣ ವಿಧಾನವೇ.

ಆ ವಿಧಾನಕ್ಕೆ ಬೇಕಾದ ಸಾಮಗ್ರಿ ಯಾವ ಕಾಲೇಜಿನಲ್ಲಿಯೂ ದೊರೆಯುತ್ತದೆ. ಒಂದು ತಾಮ್ರದ ಪಾತ್ರೆ, ಅದನ್ನು ಉಣ್ಣೆಯಲ್ಲಿಯೋ ಹತ್ತಿಯಲ್ಲಿಯೋ ಸುತ್ತಿ ಇಡಲು ಮರದ ಪೆಟ್ಟಿಗೆ, ಕಲಕುವ ಕಡ್ಡಿ, ಹತ್ತನೆಯ ಒಂದು ಡಿಗ್ರಿ ತೋರಿಸುವ ಥರ್ಮಾಮೀಟರು, ತಕ್ಕಡಿ, ಗಡಿಯಾರ. 200 ಗ್ರಾಂ ನೀರಿನ ಉಷ್ಣತೆಯನ್ನು ನಿಮಿಷಕ್ಕೊಮ್ಮೆ ಐದು ಸಾರಿ ಬರೆದುಕೊಂಡು, 10 ಗ್ರಾಂ ಸುಟ್ಟ ಸುಣ್ಣದ ಪುಡಿಯನ್ನು ಹಾಕಿ ಕಲಕುತ್ತ, ಉಷ್ಣತೆ ತುದಿಗೆ ಏರಿ ಮತ್ತೆ ಇಳಿಯತೊಡಗಿದ ಮೇಲೂ ಹತ್ತು ನಿಮಿಷ ಬರೆಯುತ್ತಲೇ ಇರಬೇಕು. ಆ ಇಳಿಜಾರನ್ನು ನಕ್ಷೆಯಲ್ಲಿ ಹಿಂದಕ್ಕೆ ಎಳೆದರೆ, ಪಾತ್ರೆಯಿಂದ ಸೋರಿಹೋದ ಶಾಖವನ್ನೂ ಸೇರಿಸಿದ ನಿಜವಾದ ಏರಿಕೆ ಸಿಕ್ಕುತ್ತದೆ. ಶುದ್ಧ ಸುಣ್ಣವು ಗ್ರಾಮಿಗೆ ಸುಮಾರು 278 ಕ್ಯಾಲೊರಿ ಕೊಡುವುದರಿಂದ ಏರಿಕೆಯು 13 ಡಿಗ್ರಿಗಳ ಆಸುಪಾಸಿನಲ್ಲಿ ಬರಬೇಕು. ಅದೇ ಪಾತ್ರೆಯಲ್ಲಿ 100 ಗ್ರಾಂ ನೀರಿಗೆ 10 ಗ್ರಾಂ ಪೆಟ್ಲುಪ್ಪು ಹಾಕಿದರೆ ಎಂಟು ಡಿಗ್ರಿಗಳಷ್ಟು ಇಳಿತ. ನವಸಾಗರ ಹಾಕಿದರೆ ಆರು ಡಿಗ್ರಿ. ಅಡಿಗೆಯ ಉಪ್ಪಾದರೆ ಒಂದೂವರೆ ಡಿಗ್ರಿ ಕಾಣುವುದೂ ಕಷ್ಟ. ಸುಣ್ಣದ ಪ್ರಯೋಗದಲ್ಲಿ ಕಣ್ಣಿಗೆ ಕನ್ನಡಕ ಧರಿಸುವುದು ಅವಶ್ಯ. ಪೇಟೆಯ ಸುಣ್ಣವು ಗಾಳಿಯ ತೇವವನ್ನು ಕುಡಿದು ಅರ್ಧ ಅರಳಿಯೇ ಇರುವುದರಿಂದ ಅಂಕಿ ಕೆಳಗೆ ಬಿದ್ದರೆ ಆಶ್ಚರ್ಯಪಡಬೇಕಾಗಿಲ್ಲ. ಎಷ್ಟು ಬಿದ್ದಿತೆಂಬುದೇ ಸುಣ್ಣದ ಗುಣದ ಅಳತೆ.

ಒಂದು ಭೇದವನ್ನು ಇಲ್ಲಿ ಗಮನಿಸಬೇಕು. ಪೆಟ್ಲುಪ್ಪು ಕರಗುತ್ತದೆ, ಅಷ್ಟೆ. ನೀರನ್ನು ಆವಿಯಾಗಿಸಿದರೆ ಅದೇ ಉಪ್ಪು ಮರಳಿ ದೊರೆಯುತ್ತದೆ. ಸುಣ್ಣವಾದರೋ ನೀರಿನೊಡನೆ ಸಂಯೋಗ ಹೊಂದಿ ಬೇರೆ ವಸ್ತುವಾಗುತ್ತದೆ, ಕರಗುವುದು ಅತ್ಯಲ್ಪ. ಮೊದಲನೆಯದರ ಶಾಖ ದ್ರಾವಣೋಷ್ಣ, ಎರಡನೆಯದರದು ಸಂಯೋಗೋಷ್ಣ. ಪಾತ್ರೆಗೆ ಈ ಭೇದ ತಿಳಿಯದು. ಲೆಕ್ಕ ಮಾಡುವವನು ತಿಳಿದಿರಬೇಕು.

1840ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಜರ್ಮೇನ್ ಹೆಸ್ ಎಂಬ ರಸಾಯನಜ್ಞನು ಒಂದು ನಿಯಮವನ್ನು ಪ್ರಕಟಿಸಿದನು. ಆರಂಭದ ವಸ್ತುಗಳೂ ಕೊನೆಯ ವಸ್ತುಗಳೂ ಅವೇ ಆಗಿದ್ದರೆ, ನಡುವೆ ಯಾವ ದಾರಿ ಹಿಡಿದರೂ ಒಟ್ಟು ಶಾಖ ಒಂದೇ. ಶಕ್ತಿಯ ನಿತ್ಯತೆಯ ತತ್ತ್ವ ಎಲ್ಲರಿಗೂ ಒಪ್ಪಿಗೆಯಾಗುವುದಕ್ಕೆ ಮೊದಲೇ ಆತನು ಇದನ್ನು ನೀರು ಬೆರಸಿದ ಆಮ್ಲಗಳ ಕಾವನ್ನು ಅಳೆದಳೆದು ಕಂಡುಕೊಂಡನು. ಕೋಪನ್‌ಹೇಗನ್ನಿನ ಜೂಲಿಯಸ್ ಥಾಮ್ಸನ್, ಪ್ಯಾರಿಸಿನ ಬೆರ್ತೆಲೋ ಇವರು ಮುಂದೆ ದಶಕಗಳ ಕಾಲ ನಡೆಸಿದ ಅಳತೆಗಳೆಲ್ಲ ಈ ನಿಯಮದ ಆಸರೆಯವೇ.

ಹೆಸ್ಸನ ನಿಯಮವನ್ನು ನಮ್ಮ ಸುಣ್ಣಕ್ಕೆ ಹಚ್ಚಿ ನೋಡೋಣ. 100 ಗ್ರಾಂ ಶುದ್ಧ ಸುಣ್ಣಗಲ್ಲನ್ನು ಸುಡಲು ಕಲ್ಲು ಭಟ್ಟಿಯಿಂದ ಹೀರಬೇಕಾದ ಶಾಖ ಸುಮಾರು 42,600 ಕ್ಯಾಲೊರಿ. ಉಳಿದ 56 ಗ್ರಾಂ ಸುಣ್ಣ ನೀರಿನಲ್ಲಿ ಅರಳುವಾಗ 15,600 ಕ್ಯಾಲೊರಿ ಹೊರಬರುತ್ತದೆ. ಅರಳಿದ ಸುಣ್ಣ ಗಾರೆಯಾಗಿ ಗೋಡೆ ಸೇರಿ, ಗಾಳಿಯಿಂದ ಇಂಗಾಲಾಮ್ಲ ವಾಯುವನ್ನು ಮರಳಿ ಪಡೆದು ಮತ್ತೆ ಕಲ್ಲಾಗುವಾಗ ಇನ್ನು 27,000 ಕ್ಯಾಲೊರಿ ಬರುತ್ತದೆ. ಎರಡನ್ನೂ ಕೂಡಿದರೆ ಮೊದಲಿನ ಮೊತ್ತವೇ, ಸಾಲ ತೀರಿತು. ಹಾಗಾದರೆ ಬೆಂಕಿ ಕಲ್ಲಿನಲ್ಲಿ ಅಡಗಿದೆಯೆಂದ ಹಳಬರ ಮಾತನ್ನು ಬ್ಲ್ಯಾಕನು ತೂಕದಿಂದ ಖಂಡಿಸಿದ್ದರೂ, ಶಾಖದ ಲೆಕ್ಕದಲ್ಲಿ ಅದಕ್ಕೆ ಒಂದಿಷ್ಟು ಅರ್ಥ ಉಳಿದೇ ಇದೆ. ಕಲಬುರ್ಗಿ ಕೋಟೆಯ 1367ರ ಜಾಮಿ ಮಸೀದಿಯಂತಹ ಕಟ್ಟಡಗಳ ಸುಣ್ಣವೂ ಈ ಸಾಲವನ್ನೇ ತೀರಿಸಿದುದು. ದಪ್ಪ ಗೋಡೆಯ ಒಳಭಾಗಕ್ಕೆ ಗಾಳಿ ನುಸುಳುವುದು ಬಹು ನಿಧಾನ. ಆದಕಾರಣ ಬಹಮನಿ ಭಟ್ಟಿಯ ಬೆಂಕಿ ವರ್ಷವರ್ಷಗಳ ಕಾಲ, ಯಾವ ಥರ್ಮಾಮೀಟರಿಗೂ ಸಿಕ್ಕದಷ್ಟು ಮೆಲ್ಲಗೆ, ಹೊರಬಂದಿರಬೇಕು.

ಮೆಲ್ಲಗೆ ಬರುವ ಶಾಖವನ್ನು ಅಳೆಯುವುದು ಹೇಗೆ? ಈ ಪ್ರಶ್ನೆ ಇಪ್ಪತ್ತನೆಯ ಶತಮಾನದಲ್ಲಿ ಸಿಮೆಂಟಿನ ವಿಷಯದಲ್ಲಿ ತೀವ್ರವಾಗಿ ಎದ್ದಿತು. ನಿಜಾಮರ ರಾಜ್ಯದಲ್ಲಿದ್ದ ಶಹಾಬಾದಿನಲ್ಲಿ 1920ರ ದಶಕದಲ್ಲಿ ಸಿಮೆಂಟು ಕಾರ್ಖಾನೆ ನೆಲೆಗೊಂಡಿತು. 1936ರಲ್ಲಿ ಹಲವು ಕಂಪೆನಿಗಳು ಕೂಡಿ ಎ. ಸಿ. ಸಿ. ಆದಾಗ ಇದೂ ಅದರಲ್ಲಿ ಸೇರಿತು. ವಾಡಿಯ ಕಾರ್ಖಾನೆ 1968ರದು. 1980ರ ದಶಕದಲ್ಲಿ ಮಳಖೇಡ, ಸೇಡಂಗಳಲ್ಲಿ, ಈ ಶತಮಾನದಲ್ಲಿ ಚಿತ್ತಾಪುರ, ಚಿಂಚೋಳಿ ತಾಲ್ಲೂಕುಗಳಲ್ಲಿ ಕಾರ್ಖಾನೆಗಳು ಎದ್ದುವು. ಸುಣ್ಣಗಲ್ಲನ್ನು ಜೇಡಿಮಣ್ಣಿನ ಅಂಶದೊಡನೆ ಸುಮಾರು 1450 ಡಿಗ್ರಿಯಲ್ಲಿ ಬೇಯಿಸಿ ಅರೆದ ಸಿಮೆಂಟು ನೀರಿನೊಡನೆ ಕೂಡಿ ಗಟ್ಟಿಯಾಗುವಾಗಲೂ ಕಾವು ಹುಟ್ಟುತ್ತದೆ. ಮನೆಯ ಛಾವಣಿಯಲ್ಲಿ ಅದು ಗಾಳಿಗೆ ಹೋಗುತ್ತದೆ. ಅಣೆಕಟ್ಟಿನಲ್ಲಿ ಹೋಗಲು ದಾರಿಯಿಲ್ಲ. ಒಂದು ಘನ ಮೀಟರ್ ಕಾಂಕ್ರೀಟಿನಲ್ಲಿ 300 ಕಿಲೋ ಸಿಮೆಂಟು ಇದ್ದು ಪ್ರತಿ ಗ್ರಾಮಿಗೆ 80 ಕ್ಯಾಲೊರಿ ಬಂದರೆ, ಶಾಖವೆಲ್ಲ ಒಳಗೆಯೇ ಉಳಿದಾಗ ಕಾಂಕ್ರೀಟು 40 ಡಿಗ್ರಿಗೂ ಮೀರಿ ಕಾಯುತ್ತದೆ. ಹೊರಮೈ ತಣಿದು ಕುಗ್ಗುತ್ತದೆ, ಒಳಮೈ ಬಿಸಿಯಾಗಿ ಹಿಗ್ಗಿರುತ್ತದೆ, ಫಲ, ಬಿರುಕು. ಅಮೆರಿಕದ ಹೂವರ್ ಅಣೆಕಟ್ಟನ್ನು 1930ರ ದಶಕದಲ್ಲಿ ಕಟ್ಟುವಾಗ, ಹಾಗೆಯೇ ಬಿಟ್ಟರೆ ಅದು ತಣಿಯಲು ನೂರು ವರ್ಷಕ್ಕೂ ಹೆಚ್ಚು ಹಿಡಿಯುವುದೆಂದು ಎಂಜಿನಿಯರರು ಎಣಿಸಿ, ಕಾಂಕ್ರೀಟಿನೊಳಗೆ ಕೊಳವೆಗಳನ್ನು ಹುದುಗಿಸಿ ತಣ್ಣೀರು ಹರಿಸಿದರು. ಕಡಮೆ ಕಾವಿನ ಸಿಮೆಂಟನ್ನು ಬಳಸಿದರು. ನಮ್ಮ ಕನ್ನಂಬಾಡಿ ಕಟ್ಟೆಯನ್ನು ಸುಣ್ಣ-ಸುರ್ಕಿಯ ಗಾರೆಯಿಂದ ಕಟ್ಟಿದುದು ಸಿಮೆಂಟಿನ ದುಬಾರಿಯಿಂದ. ಮೆಲ್ಲನೆ ಗಟ್ಟಿಯಾಗುವ ಆ ಗಾರೆಯು ಕಾವಿನ ತೊಂದರೆಯನ್ನೂ ತಪ್ಪಿಸಿತು.

ಸಿಮೆಂಟು 28 ದಿನಗಳಲ್ಲಿ ಬಿಡುವ ಶಾಖವನ್ನು ತಾಮ್ರದ ಪಾತ್ರೆಯಲ್ಲಿ ಅಳೆಯಲಾಗದು. ಅಷ್ಟು ದಿನಗಳಲ್ಲಿ ಎಂತಹ ಪಾತ್ರೆಯಿಂದಲಾದರೂ ಶಾಖ ಸೋರಿಹೋಗುತ್ತದೆ. ಇಲ್ಲಿ ಹೆಸ್ಸನ ನಿಯಮ ನೆರವಿಗೆ ಬಂದಿತು. ಗಟ್ಟಿಯಾಗುವ ದಾರಿಯನ್ನು ಬಿಟ್ಟು ಕರಗುವ ದಾರಿಯನ್ನು ಹಿಡಿದರು. ಒಣ ಸಿಮೆಂಟನ್ನು ಆಮ್ಲದಲ್ಲಿ ಕರಗಿಸಿ ಶಾಖವನ್ನು ಅಳೆಯುವುದು. ನೀರು ಕಲಸಿ 28 ದಿನ ಇಟ್ಟು ಗಟ್ಟಿಯಾದ ಅದೇ ಸಿಮೆಂಟನ್ನು ಪುಡಿಮಾಡಿ ಅದೇ ಆಮ್ಲದಲ್ಲಿ ಕರಗಿಸಿ ಅಳೆಯುವುದು. ಕೊನೆಯ ದ್ರಾವಣ ಎರಡರಲ್ಲಿಯೂ ಒಂದೇ. ಆದುದರಿಂದ ಎರಡು ದ್ರಾವಣೋಷ್ಣಗಳ ವ್ಯತ್ಯಾಸವೇ ಸಿಮೆಂಟು 28 ದಿನಗಳಲ್ಲಿ ಬಿಟ್ಟ ಶಾಖ. ತಿಂಗಳ ಕೆಲಸವನ್ನು ಎರಡು ಅರ್ಧ ಗಂಟೆಗಳ ಅಳತೆಯಿಂದ ಹಿಡಿದ ಈ ಉಪಾಯ ನಿಜವಾಗಿಯೂ ಸೊಗಸಾದುದು. 1932ರಲ್ಲಿ ವುಡ್ಸ್, ಸ್ಟೈನರ್, ಸ್ಟಾರ್ಕ್ ಎಂಬವರೂ, 1934ರಲ್ಲಿ ಲೆರ್ಚ್ ಮತ್ತು ಬೋಗ್ ಎಂಬವರೂ ಸಿಮೆಂಟಿನ ಘಟಕಗಳ ಶಾಖವನ್ನು ಕುರಿತ ಅಧ್ಯಯನಗಳನ್ನು ಪ್ರಕಟಿಸಿದರು. ಸಿಮೆಂಟಿನ ಯಾವ ಘಟಕ ಎಷ್ಟು ಕಾವು ಕೊಡುವುದೆಂದು ಆಗ ತಿಳಿದುಬಂದಿತು: ಮೂರು ಸುಣ್ಣದ ಅಲ್ಯುಮಿನೇಟು ಗ್ರಾಮಿಗೆ 207 ಕ್ಯಾಲೊರಿ, ಮೂರು ಸುಣ್ಣದ ಸಿಲಿಕೇಟು 120, ಎರಡು ಸುಣ್ಣದ ಸಿಲಿಕೇಟು 62. ಮೊದಲನೆಯದನ್ನು ತಗ್ಗಿಸಿ ಕೊನೆಯದನ್ನು ಹೆಚ್ಚಿಸಿದರೆ ತಣ್ಣನೆಯ ಸಿಮೆಂಟು ಸಿದ್ಧವಾಗುತ್ತದೆ. ಭಾರತೀಯ ಮಾನಕದಲ್ಲಿ ಕಡಮೆ ಕಾವಿನ ಸಿಮೆಂಟು 7 ದಿನಕ್ಕೆ ಗ್ರಾಮಿಗೆ 65, 28 ದಿನಕ್ಕೆ 75 ಕ್ಯಾಲೊರಿ ಮೀರಬಾರದೆಂದು ವಿಧಿಯಿದೆ.

ಈ ಪ್ರಯೋಗದ ಉಪಕರಣವನ್ನು ನೋಡಿದರೆ ಅದು ಕಾಲೇಜಿನ ಪಾತ್ರೆಯ ಅಣ್ಣನೇ ಎಂದು ಕಾಣುತ್ತದೆ. ತಾಮ್ರದ ಬದಲು 1892ರಲ್ಲಿ ಡ್ಯೂವರ್ ನಿರ್ಮಿಸಿದ ಬಗೆಯ ನಿರ್ವಾತ ಕುಪ್ಪಿ, ಸಾಮಾನ್ಯ ಥರ್ಮಾಮೀಟರಿನ ಬದಲು ನೂರನೆಯ ಒಂದು ಡಿಗ್ರಿಯನ್ನೂ ತೋರಿಸುವ ಬೆಕ್‌ಮನ್ ಥರ್ಮಾಮೀಟರು, ನೀರಿನ ಬದಲು ಹೈಡ್ರೋಫ್ಲೋರಿಕ್ ಆಮ್ಲ ತುಸು ಬೆರಸಿದ ನೈಟ್ರಿಕ್ ಆಮ್ಲ. ಈ ಆಮ್ಲ ಗಾಜನ್ನೇ ತಿನ್ನುವುದರಿಂದ ಕುಪ್ಪಿಯ ಒಳಮೈಗೆ ಮೇಣದ ಲೇಪ ಇರಬೇಕು. ವಿದ್ಯಾರ್ಥಿಗಳ ಕೈಗೆ ಕೊಡತಕ್ಕ ವಸ್ತುವಂತೂ ಅಲ್ಲ. ಈಚೆಗೆ, ಒಂದೇ ಉಷ್ಣತೆಯಲ್ಲಿ ಇಟ್ಟ ಸಿಮೆಂಟಿನಿಂದ ಹರಿಯುವ ಶಾಖವನ್ನು ಗಂಟೆಗಂಟೆಗೆ ತಾವೇ ಬರೆದುಕೊಳ್ಳುವ ವಿದ್ಯುತ್ ಉಪಕರಣಗಳು ಈ ಕುಪ್ಪಿಯ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿವೆ.

ಸುಣ್ಣಗಲ್ಲನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ನೋಡುವ ಪದ್ಧತಿಗೆ ಇದಕ್ಕಿಂತ ಹಳೆಯ ಪೂರ್ವಿಕನೊಬ್ಬನು ಇದ್ದಾನೆ. ಬ್ಲ್ಯಾಕನ ಪ್ರಬಂಧ ಬೆಳಕು ಕಂಡ 1756ರಲ್ಲಿಯೇ ಎಡ್ಡಿಸ್ಟೋನ್ ದೀಪಸ್ತಂಭದ ಕೆಲಸ ಹಿಡಿದ ಜಾನ್ ಸ್ಮೀಟನ್ನನು, ಯಾವ ಸುಣ್ಣ ನೀರಿನೊಳಗೆ ಗಟ್ಟಿಯಾಗುವುದೆಂದು ತಿಳಿಯಲು ಬಗೆಬಗೆಯ ಸುಣ್ಣಗಲ್ಲನ್ನು ಆಮ್ಲದಲ್ಲಿ ಕರಗಿಸಿ, ತಳದಲ್ಲಿ ಉಳಿದ ಜೇಡಿಯನ್ನು ಪರೀಕ್ಷಿಸಿದನು. ಜೇಡಿ ಹೆಚ್ಚಿದ್ದ ಸುಣ್ಣ ಅರಳುವಾಗ ಕಾವು ಕಡಮೆ, ನೀರಿನಲ್ಲಿ ಬಲ ಹೆಚ್ಚು. ಕಾವು ಹೆಚ್ಚಿದ್ದುದೇ ಒಳ್ಳೆಯ ಸುಣ್ಣವೆಂಬ ಸಾಮಾನ್ಯ ನಂಬಿಕೆ ಎಲ್ಲ ಕೆಲಸಕ್ಕೂ ಸಲ್ಲದೆಂದು ಇದರಿಂದ ತಿಳಿಯಬೇಕು.

ಸುಣ್ಣಗಾರನ ನೀರು ಚಿಮುಕಿಸುವ ಪರೀಕ್ಷೆಯೂ ಅಳಿದುಹೋಗಿಲ್ಲ. ಯೂರೋಪಿನ ಮಾನಕದಲ್ಲಿ 20 ಡಿಗ್ರಿಯ 600 ಗ್ರಾಂ ನೀರಿಗೆ 150 ಗ್ರಾಂ ಸುಟ್ಟ ಸುಣ್ಣ ಹಾಕಿ, ಉಷ್ಣತೆ 60 ಡಿಗ್ರಿ ಮುಟ್ಟಲು ಹಿಡಿಯುವ ನಿಮಿಷಗಳನ್ನು ಎಣಿಸುತ್ತಾರೆ. ಬೇಗ ಮುಟ್ಟಿದರೆ ಹದವಾಗಿ ಬೆಂದ ಸುಣ್ಣ, ತಡವಾದರೆ ಅತಿಯಾಗಿ ಬೆಂದದ್ದು. ಭಟ್ಟಿಯ ಬಾಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಕಾಯುತ್ತಿದ್ದವನ ಪ್ರಶ್ನೆಯೇ ಇದು. ಗಡಿಯಾರ ಮಾತ್ರ ಹೊಸದು.

ಹಳೆಯ ಕಟ್ಟಡಗಳ ಜೀರ್ಣೋದ್ಧಾರದಲ್ಲಿ ಈ ಪ್ರಶ್ನೆ ಇಂದು ಮತ್ತೆ ಎದ್ದಿದೆ. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟು ಮೆತ್ತಿದರೆ ತೇವ ಹೊರಬರಲಾರದೆ ಕಲ್ಲು ಪದರಪದರವಾಗಿ ಉದುರುತ್ತದೆಂಬುದು ಅನುಭವದಿಂದ ತಿಳಿದ ಸಂಗತಿ. ಸುಣ್ಣಕ್ಕೆ ಸುಣ್ಣವೇ ಬೇಕು. ಮಳಖೇಡದ ಕೋಟೆಗೋ ಸನ್ನತಿಯ ಅವಶೇಷಗಳಿಗೋ ಸುಣ್ಣ ಬೇಕಾದಾಗ, ಯಾವ ಗಣಿಯ ಯಾವ ಪದರದ ಕಲ್ಲು, ಎಷ್ಟು ಕಾವಿನಲ್ಲಿ ಬೆಂದದ್ದು, ಎಷ್ಟು ದಿನ ಗುಂಡಿಯಲ್ಲಿ ಕೊಳೆತದ್ದು ಎಂದು ಹೇಳಬಲ್ಲವರು ಬೇಕಾಗುತ್ತಾರೆ. ಆ ತಿಳಿವಳಿಕೆಯಲ್ಲಿ ಒಂದು ಪಾಲು ಈ ಐದು ಊರುಗಳ ಸುತ್ತಣ ಹಳ್ಳಿಗಳ ವೃದ್ಧರ ನೆನಪಿನಲ್ಲಿ ಇದೆ. ಇನ್ನೊಂದು ಪಾಲು ಕಾರ್ಖಾನೆಗಳ ಪ್ರಯೋಗಶಾಲೆಯ ದಿನಚರಿಗಳಲ್ಲಿ, ಕಲ್ಲಿನ ಪದರ, ಆಮ್ಲದ ತೂಕ, ಬೆಕ್‌ಮನ್ ಥರ್ಮಾಮೀಟರಿನ ಏರಿಳಿತಗಳ ಸಾಲುಗಳಾಗಿ. ಸರಕಾರಿ ಕಾಗದಪತ್ರಗಳನ್ನೂ ಶಾಸನಗಳನ್ನೂ ಸಂಗ್ರಹಿಸುವ ನಮ್ಮ ಇತಿಹಾಸ ವಿಭಾಗಗಳು ಈ ದಿನಚರಿಗಳನ್ನು ಕಂಪೆನಿಗಳಿಂದ ಕೇಳಿ ಪಡೆದು ಪ್ರತಿಮಾಡಿಸಿಕೊಳ್ಳಬೇಕು. ಮೊದಲನೆಯ ಪಾಲನ್ನು ಬರೆದುಕೊಳ್ಳಲು ಎಂ. ಎ. ವಿದ್ಯಾರ್ಥಿಗಳನ್ನು ಈ ವರ್ಷದ ಬೇಸಗೆ ರಜದಲ್ಲಿಯೇ ಕಳುಹಿಸಬಹುದು, ಜೊತೆಗೆ ಒಂದು ತಾಮ್ರದ ಪಾತ್ರೆಯನ್ನೂ ಥರ್ಮಾಮೀಟರನ್ನೂ ಕೊಟ್ಟು.